ಕೆರಿಯ ಹತ್ತಿದ ಕಂಬ, ನೀವು ಹಾಕದ ಸಹಿ

ನಿಮ್ಮೂರಿನ ಕರೆಂಟ್ ಕಂಬ ಹತ್ತುವವನು ಇಲಾಖೆಯ ನೌಕರನಲ್ಲ. ಇದು ನಿಮಗೆ ಗೊತ್ತಿರುವ ಸಂಗತಿ. ಇಲಾಖೆಯ ನೌಕರ ಕಂಬದ ಬುಡದಲ್ಲಿ ಬೈಕಿಗೆ ಒರಗಿ ನಿಂತು ಬೆರಳು ತೋರಿಸುತ್ತಿರುತ್ತಾನೆ. ಮೇಲಿರುವವನ ಕಾಲಿಗೆ ಬೂಟಿಲ್ಲ, ಕೈಗೆ ರಬ್ಬರ್ ಗವಸಿಲ್ಲ, ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಒಳಗೆ ಫ್ಯಾನು ತಿರುಗಿದರೆ ನಿಮ್ಮ ಪಾಲಿಗೆ ಕೆಲಸ ಮುಗಿಯಿತು. ಅವನು ಇಳಿದನೋ ಬಿದ್ದನೋ ಎಂದು ಅಂಗಳಕ್ಕೆ ಬಂದು ನೋಡುವ ಪದ್ಧತಿ ನಮ್ಮ ಸೀಮೆಯಲ್ಲಿ ಇಲ್ಲ.

ಯಲ್ಲಾಪುರ ತಾಲೂಕಿನ ಬಾಳೆಹಕ್ಕಲಿನಲ್ಲಿ ಹಾಗೆ ಹನ್ನೊಂದು ವರ್ಷ ಹತ್ತಿ ಇಳಿದವನು ಕೆರಿಯ. ಉಮ್ಮಚಗಿ ರಸ್ತೆಯಿಂದ ಒಳಗೆ ನಾಲ್ಕು ಮೈಲಿ, ಹದಿನಾರು ಕರೆಂಟ್ ಮೀಟರಿನ ಊರು ಅದು. ಹದಿನೇಳನೆಯದು ಕೆರಿಯನ ಮನೆ. ಅಲ್ಲಿ ಮೀಟರಿಲ್ಲ, ಬಡವರಿಗೆಂದು ಸರ್ಕಾರ ಕೊಟ್ಟ ಒಂದು ಬಲ್ಬು ಮಾತ್ರ. ಸಪೂರ ಆಳು, ಉದ್ದ ತೋಳು, ಮಾತು ಕಡಿಮೆ. ಅಡಿಕೆಯ ಕೊನೆ ಕೊಯ್ಯುವ, ಗೊಂಚಲು ಇಳಿಸುವ ದಿನಗಳಲ್ಲಿ ಒಂದು ಅಡಿಕೆ ಮರದ ತಲೆಯಿಂದ ಇನ್ನೊಂದರ ತಲೆಗೆ ಜೀಕಿ ದಾಟುತ್ತ, ನೆಲ ಮುಟ್ಟದೆ ಹತ್ತಿಪ್ಪತ್ತು ಮರ ಮುಗಿಸುವ ಕಸುಬು ಅವನದು.

೧೯೯೦ರಲ್ಲಿ ಹಾವೇರಿ ಕಡೆಯಿಂದ ವರ್ಗವಾಗಿ ಬಂದ ಲೈನ್‌ಮನ್ ಮಡಿವಾಳಪ್ಪ ಅವನನ್ನು ಮೊದಲು ಕಂಡದ್ದು ಹಾಗೆಯೇ, ಮರದ ತುದಿಯಲ್ಲಿ. ಬಯಲುಸೀಮೆಯ ಮನುಷ್ಯ ಮಡಿವಾಳಪ್ಪ. ಅವತ್ತು ತಾನೇ ಕಂಬ ಹತ್ತಲು ಹೋಗಿ, ಅರ್ಧಕ್ಕೆ ತಲೆ ತಿರುಗಿ, ಕಂಬವನ್ನು ಅಪ್ಪಿಕೊಂಡು ಇಳಿದಿದ್ದ. ಕೆಳಗೆ ಕೂತು ಬೆವರು ಒರೆಸಿಕೊಳ್ಳುತ್ತ ಮೇಲೆ ನೋಡಿದ.

“ಏ ತಮ್ಮಾ, ನೆಲಕ್ಕ ಇಳೀಬ್ಯಾಡಪಾ. ಹಂಗ ಜೋತಾಡಕೋತ ಈ ಕಂಬಕ್ಕ ಬಂದಬಿಡು.”

ತಮಾಷೆಗೆ ಹೇಳಿದ ಮಾತು. ಕೆರಿಯ ಇಳಿದು ಬಂದ. ಅಡಿಕೆ ಮರಕ್ಕೆ ಬಳಸುವ ಹಗ್ಗದ ಬಳೆಯನ್ನೇ ಕಾಲಿಗೆ ಹಾಕಿಕೊಂಡು ಸಿಮೆಂಟ್ ಕಂಬ ಹತ್ತಿದ. ಮಡಿವಾಳಪ್ಪ ಕೆಳಗಿನಿಂದ ಹೇಳಿದ, ಕೆರಿಯ ಮೇಲಿನಿಂದ ಮಾಡಿದ. ಊರಿಗೆ ಬೆಳಕು ಬಂತು. ಅಂದಿನಿಂದ ಇಲಾಖೆಯ ಸಂಬಳ ಮಡಿವಾಳಪ್ಪನಿಗೆ, ಇಲಾಖೆಯ ಕಂಬ ಕೆರಿಯನಿಗೆ. ಈ ಹಂಚಿಕೆ ಹದಿನಾರು ಮನೆಗೂ ಗೊತ್ತಿತ್ತು, ಸೆಕ್ಷನ್ ಆಫೀಸಿನ ಸಾಹೇಬರಿಗೂ ಗೊತ್ತಿತ್ತು. ಒಬ್ಬರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ.

ಮಡಿವಾಳಪ್ಪ ಕೆಟ್ಟವನೇನಲ್ಲ. ಒಂದು ವಿದ್ಯೆಯನ್ನು ಮನಸ್ಸಿಟ್ಟು ಕಲಿಸಿದ. “ತಂತಿನ ಅಂಗೈಯಿಂದ ಮುಟ್ಟಬ್ಯಾಡ, ಮುಂಗೈ ಹಿಂದಿನಿಂದ ಮುಟ್ಟಿ ನೋಡು. ಕರೆಂಟ್ ಹಿಡದ್ರ ಬೆರಳು ಮುಚ್ಕೋತಾವ, ಮತ್ತ ಬಿಡಂಗಿಲ್ಲ.” ಆದರೆ ಕೆಲಸಕ್ಕೆ ಮುಂಚೆ ತಂತಿಯ ಮೇಲೆ ಎಸೆಯಬೇಕಾದ ಸರಪಳಿ, ಅಕಸ್ಮಾತ್ ಕರೆಂಟ್ ಬಂದರೆ ಅದನ್ನು ನೆಲಕ್ಕೆ ಇಳಿಸುವ ಸರಪಳಿ, ಸೆಕ್ಷನ್ ಆಫೀಸಿನ ಕಪಾಟಿನಲ್ಲಿ ಬೀಗದೊಳಗೆ ಇತ್ತು. ಅದನ್ನು ಸಹಿ ಮಾಡಿ ತರಬೇಕು. ಸಹಿ ಮಾಡುವ ಅಧಿಕಾರ ಇದ್ದವನು ಹತ್ತುತ್ತಿರಲಿಲ್ಲ, ಹತ್ತುವವನಿಗೆ ಸಹಿಯ ಅಧಿಕಾರ ಇರಲಿಲ್ಲ.

ಇಂಗ್ಲಿಷ್ ಎಂದು ತಿಳಿದೇ ಕೆರಿಯ ಆಡುತ್ತಿದ್ದ ಶಬ್ದ ಒಂದೇ, ಲೈನು. ಅವನ ಆಯುಷ್ಯವೆಲ್ಲ ಆ ಒಂದು ಶಬ್ದದೊಳಗೆ ನಡೆದಿತ್ತು. ಎರಡನೇ ಇಯತ್ತೆಯಲ್ಲಿ ಮಾಸ್ತರರು ಬರೆಯಲು ಡಬಲ್ ಲೈನ್ ಪಟ್ಟಿ ತಾ ಎಂದರು; ತರಲಾಗದೆ ಶಾಲೆ ಬಿಟ್ಟ. ದೊಡ್ಡವನಾದ ಮೇಲೆ ಅರಣ್ಯದವರು ಕರೆದರು. ಕಾಳ್ಗಿಚ್ಚು ದಾಟದಂತೆ ಕಾಡಿನ ನಡುವೆ ಅಗಲಕ್ಕೆ ಎಲೆ ಗುಡಿಸಿ ಬಯಲು ಮಾಡುತ್ತಾರಲ್ಲ, ಅದಕ್ಕೂ ಲೈನ್ ಎಂದೇ ಹೆಸರು. ಮೂರು ಬೇಸಿಗೆ ಅದನ್ನು ಗುಡಿಸಿದ. ಹೆಣ್ಣು ಕೇಳಲು ಹೋದಾಗ ಹೊನ್ನಿಯ ಅಪ್ಪ ಕೇಳಿದ್ದೂ “ಹುಡುಗಂದು ಎಂತ ಲೈನು?” ಎಂದೇ. ಸೀಮೆಎಣ್ಣೆಗೆ ಸೊಸೈಟಿಯ ಮುಂದೆ ಲೈನು. ಬಸ್ಸು ಕೆಟ್ಟು ನಿಂತರೆ ಕಂಡಕ್ಟರ್, “ಈ ಲೈನಿಗೆ ಹಳೇ ಗಾಡಿನೇ ಬರೂದು, ಇಳೀರಿ” ಎನ್ನುತ್ತಿದ್ದ. ಚುನಾವಣೆಯಲ್ಲಿ ಕೈ ಮುಗಿಯುತ್ತ ಬಂದವರು ತಮ್ಮ ಪಕ್ಷದ ಲೈನು ಬಡವರ ಪರ ಎಂದು ಹೇಳಿ ಹೋದರು. ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ಕಾಲೇಜು ಹುಡುಗರು ಹೊಡೆಯುತ್ತಿದ್ದದ್ದೂ ಲೈನೇ. ಆ ಸುಖ ಮಾತ್ರ ಕೆರಿಯನಿಗೆ ಸಿಗಲಿಲ್ಲ. ಮದುವೆ ಬೇಗ ಆಯಿತು. ಶಿರಸಿಯ ಮಕ್ಬೂಲ್ ಎಂಬವನ ಟೆಂಪೋ ವಾರಕ್ಕೊಮ್ಮೆ ಊರಿನ ಗೂಡಂಗಡಿಗೆ ಸಾಬೂನು, ಬಿಸ್ಕತ್ತು ಹಾಕಲು ಬರುತ್ತಿತ್ತು. ಮಕ್ಬೂಲನನ್ನು ಕೇಳಿದರೆ, “ಸೋಮವಾರ ಎಕ್ಕಂಬಿ ಲೈನು, ಗುರುವಾರ ನಿಮ್ಮ ಲೈನು” ಎನ್ನುತ್ತಿದ್ದ.

ಶಬ್ದ ಒಂದೇ ನೋಡಿ. ಉಳ್ಳವರ ಬಾಯಲ್ಲಿ ಅದು ಮುಂದೆ ಹೋಗುವ ದಾರಿ. ಕೆರಿಯನಂಥವನಿಗೆ ಅದು ಹಿಂದೆ ನಿಲ್ಲುವ ಜಾಗ.

ಆದರೆ ಕಂಬದ ಮೇಲಿನ ಲೈನು ಅವನದಾಗಿತ್ತು. ಯಾವ ತಂತಿ ಯಾವ ಮನೆಗೆ ಹೋಗುತ್ತದೆ, ಎಲ್ಲಿ ಗಂಟು ಸಡಿಲ, ಎಲ್ಲಿ ಹಲಸಿನ ಕೊಂಬೆ ತಾಗುತ್ತದೆ, ಎಲ್ಲವೂ ಬಾಯಿಪಾಠ. “ಇಲಾಖೆಲಿ ಒಂದ್ ದಿನ ನನ್ನ ಹೆಸರು ಬರ್ಕಂತ್ರು,” ಎಂದು ಹೊನ್ನಿಗೆ ಹೇಳುತ್ತಿದ್ದ. ಅವಳು, “ಹೋಯ್, ಮೊದ್ಲು ಆ ಮಡಿವಾಳಪ್ಪ ನಿಮ್ಮ ಪೂರ್ತಿ ಹೆಸರು ಹೇಳ್ಲಿ ನೋಡ್ವ” ಎನ್ನುತ್ತಿದ್ದಳು.

೨೦೦೧ರ ಮಾರ್ಚ್, ಗುರುವಾರ. ಊರಿನ ಟ್ರಾನ್ಸ್‌ಫಾರ್ಮರಿನ ಮೇಲೆ ಒಂದು ತಂತಿ ಸುಟ್ಟು ಕಡಿದಿತ್ತು. ಬೆಳಿಗ್ಗೆ ಹತ್ತೂವರೆಗೆ ಮಡಿವಾಳಪ್ಪ ನಾಗಪತಿ ಹೆಗಡೆಯವರ ಜಗಲಿಗೆ ಬಂದ. ಊರಿಗೆ ಮೊದಲು ಫೋನು ಬಂದದ್ದು ಅವರ ಮನೆಗೆ. ಸೊಸೈಟಿಯ ನಿರ್ದೇಶಕರು, ಸ್ವರ್ಣವಲ್ಲಿ ಮಠಕ್ಕೆ ತಪ್ಪದೆ ಹೋಗಿಬರುವವರು, ಸುಳ್ಳು ಹೇಳುವವರೆಂದು ಹೆಸರು ಪಡೆದವರಲ್ಲ.

“ಹೆಗಡೇರ, ಒಂದ ಫೋನ್ ಹಚ್ಲೇನ್ರಿ?”

“ಹಚ್ಚು ಮಾರಾಯ. ಲೈನ್ ಸಿಕ್ಕರೆ ನಿನ್ನ ಪುಣ್ಯ. ಬೆಳಿಗ್ಗಿಂದ ಕೊರ್ ಕೊರ್ ಅಂತದೆ.”

ಸಿಕ್ಕಿತು. ದುರಸ್ತಿಗೆ ಮುಂಚೆ ಸಬ್‌ಸ್ಟೇಷನ್ನಿಗೆ ಹೇಳಿ ಇಡೀ ಮಾರ್ಗದ ಕರೆಂಟ್ ತೆಗೆಸಬೇಕು. ಯಾರು ಹತ್ತುತ್ತಾರೋ ಅವರ ಹೆಸರು, ಜಾಗ, ವೇಳೆ ಅಲ್ಲಿಯ ರಿಜಿಸ್ಟರಿನಲ್ಲಿ ಏರುತ್ತದೆ. ಅದೇ ಮನುಷ್ಯ ಕೆಲಸ ಮುಗಿಯಿತು ಎಂದು ಮರಳಿ ಹೇಳುವವರೆಗೆ ಕರೆಂಟ್ ಬಿಡುವ ಹಾಗಿಲ್ಲ. ಇದಕ್ಕೆ ಲೈನ್ ಕ್ಲಿಯರ್ ಎನ್ನುತ್ತಾರೆ, ಬಾಯಲ್ಲಿ ಎಲ್.ಸಿ.

“ಹಲೋ, ನಾನ್ರಿ ಮಡಿವಾಳಪ್ಪ. ಬಾಳೆಹಕ್ಕಲಕ್ಕ ಎಲ್.ಸಿ. ಬರ್ಕೋರಿ. ಹಾಂ, ನಾನ ಹತ್ತೀನಿ. ಮತ್ಯಾರು ಹತ್ತತಾರ?” ಫೋನ್ ಇಟ್ಟ.

ಹೆಗಡೆಯವರು ನಕ್ಕರು. “ನೀನು ಹತ್ತಿದ್ದು ನೋಡಲಿಕ್ಕೆ ಇನ್ನೊಂದು ಜನ್ಮ ಬೇಕು.”

“ನಾ ಹತ್ತಿದ್ರ ಕಂಬ ತಡೀಬೇಕಲ್ರಿ,” ಎಂದು ಮಡಿವಾಳಪ್ಪ ಹೊಟ್ಟೆ ತಟ್ಟಿಕೊಂಡ. ಅವನಿಗೆ ಅವಸರವಿತ್ತು. ಅದೇ ಮಾರ್ಗದ ಮೇಲೆ, ಮೂರು ಮೈಲಿ ಆಚೆ ಕೊಪ್ಪ ಎಂಬಲ್ಲೂ ಒಂದು ತಂತಿ ಜೋತುಬಿದ್ದಿತ್ತು. ಅಲ್ಲಿ ಹತ್ತಲು ಅಲ್ಲಿಯದೇ ಒಬ್ಬ ಕೆರಿಯ ಇದ್ದ. “ಎರಡೂ ಕಡಿಗೆ ಒಂದ ಎಲ್.ಸಿ. ಸಾಕು. ಎರಡ ಸಲ ಕೇಳಿದ್ರ ಸಬ್‌ಸ್ಟೇಷನ್ನವರು ಸಿಡಿಮಿಡಿ ಮಾಡ್ತಾರ.”

ಇದು ಆ ಸೆಕ್ಷನ್ನಿನ ರೂಢಿ. ಒಂದು ಹೆಸರಿನ ಕೆಳಗೆ ಎರಡು ಕಂಬ, ಎರಡು ಜೀವ. ರಿಜಿಸ್ಟರಿನಲ್ಲಿ ಕಾಣುವುದು ಕೆಳಗೆ ನಿಂತ ಮೂರನೆಯವನ ಹೆಸರು. ಹನ್ನೊಂದು ವರ್ಷ ಏನೂ ಆಗಿರಲಿಲ್ಲ, ಆದ್ದರಿಂದ ಅದು ಸರಿ ಎಂದೇ ಲೆಕ್ಕ.

ಅಂಗಳದಲ್ಲಿ ನಿಂತಿದ್ದ ಕೆರಿಯನಿಗೆ ಅವನು ಹೇಳಿದ: “ಹನ್ನೊಂದೂಕಾಲಕ್ಕ ನೀ ಕೆಳಗ ಇರಬೇಕು. ಹನ್ನೊಂದೂವರಿಗೆ ನಾ ಕೊಪ್ಪದಿಂದ ಎಲ್.ಸಿ. ವಾಪಸ್ ಕೊಡ್ತೀನಿ. ತಿಳೀತಿಲ್ಲೋ?”

“ನನ್ಹತ್ರ ಗಡಿಯಾರ ಇಲ್ಲ.”

“ಹೆಗಡೇರ ಗ್ವಾಡಿ ಮ್ಯಾಲ ಐತಲ್ಲ. ಕೇಳು.” ಬೈಕ್ ಹತ್ತಿ ಹೋದ.

ಕೆರಿಯ ಟ್ರಾನ್ಸ್‌ಫಾರ್ಮರ್ ಹತ್ತಿ ತಂತಿ ಜೋಡಿಸಿ ಇಳಿದ, ಕರೆಂಟ್ ಬಂದಾಗ ಊರಿಗೆ ಹರಿಯಲೆಂದು ಅದರ ಹಿಡಿಕೆಯನ್ನೂ ಏರಿಸಿಟ್ಟ. ಹೆಗಡೆಯವರ ಹೆಂಡತಿ ಶ್ರೀಲಕ್ಷ್ಮಿ ಮೆಟ್ಟಿಲ ಮೇಲಿನಿಂದ ಎತ್ತಿ ಹೊಯ್ದ ಮಜ್ಜಿಗೆಯನ್ನು ಬೊಗಸೆಯಲ್ಲಿ ಕುಡಿದ. ಅವರ ಮನೆಗೆ ಹನ್ನೊಂದು ವರ್ಷ ಬೆಳಕು ಕೊಟ್ಟವನಿಗೆ ಇನ್ನೂ ಲೋಟ ಕೊಟ್ಟಿರಲಿಲ್ಲ. “ಟೈಮೆಷ್ಟು ಅಮ್ಮಾ?” ಎಂದು ಕೇಳಿದ. ಹನ್ನೊಂದು ಹತ್ತು ಎಂದರು.

ಆಗ ಜಗಲಿಯಿಂದ ಹೆಗಡೆಯವರು ಆ ಮಾತು ಹೇಳಿದರು. ನೀವೂ ನೂರು ಸಲ ಹೇಳಿದ ಮಾತು ಅದು.

“ಕೆರಿಯಾ, ಹ್ಯಾಂಗೂ ಬಂದಿದ್ದೀಯ, ನಮ್ಮನೆ ಕಂಬದ್ದೂ ಒಂದು ನೋಡಿಬಿಡು. ವೋಲ್ಟೇಜೇ ಇಲ್ಲ, ಮಿಕ್ಸರ್ ತಿರುಗೂದಿಲ್ಲ. ನಮ್ಮನೆ ವಾಯರು ಆಚೆ ತಂತಿಗೆ ಹಾಕು.”

“ಟೈಮಾಯ್ತಲ ಹೆಗಡೇರೆ. ಹನ್ನೊಂದೂವರೆಗೆ ಲೈನ್ ಬಿಡ್ತ್ರು. ನಾಳೆ ಮಾಡಿಕೊಡ್ತೆ.”

“ಅಂವ ಹೇಳಿದ ಟೈಮಿಗೆ ಯಾವತ್ತು ಬಿಟ್ಟಿದ್ದ? ಹನ್ನೆರಡಾಗ್ತದೆ. ನಾನು ಇಲ್ಲೇ ಇದ್ದೇನಲ್ಲ, ಸಬ್‌ಸ್ಟೇಷನ್ನಿಗೆ ಫೋನ್ ಮಾಡಿ ಇನ್ನೊಂದು ಸ್ವಲ್ಪ ಹೊತ್ತು ನಿಲ್ಲಿಸಿ ಅಂತೇನೆ. ಹತ್ತು ನೀನು.”

ಫೋನ್ ಮಾಡುತ್ತೇನೆ ಎಂದು ಅಷ್ಟು ದೊಡ್ಡ ಮನುಷ್ಯ ಹೇಳಿದ ಮೇಲೆ ಕೆರಿಯ ಏನು ಹೇಳಬೇಕಿತ್ತು? ಹತ್ತಿದ. ಹೆಗಡೆಯವರು ಒಳಗೆ ಹೋಗಿ ನಂಬರ್ ತಿರುಗಿಸಿದರು. ಕೊರ್ ಎಂದಿತು. ಇನ್ನೊಮ್ಮೆ ತಿರುಗಿಸಿದರು. ಕೊರ್. ಫೋನ್ ಇಟ್ಟರು. ಮೇಲಿರುವವನಿಗೆ ‘ಲೈನ್ ಸಿಗಲಿಲ್ಲ, ಇಳಿ’ ಎಂದು ಒಂದು ಕೂಗು ಹಾಕಬಹುದಿತ್ತು. ಇನ್ನೂ ಹೊತ್ತಿದೆ ಎಂದುಕೊಂಡು ಪೇಪರ್ ಬಿಡಿಸಿ ಕೂತರು.

ಕೊಪ್ಪದ ಕೆಲಸ ಬೇಗ ಮುಗಿಯಿತು. ಹನ್ನೊಂದು ಇಪ್ಪತ್ತೈದಕ್ಕೆ ಮಡಿವಾಳಪ್ಪ ಅಲ್ಲಿಂದ ಫೋನ್ ಮಾಡಿ ಎಲ್.ಸಿ. ವಾಪಸ್ ಕೊಟ್ಟ. ಕೆರಿಯ ಇಳಿದಿರುತ್ತಾನೆ ಎಂದುಕೊಂಡ. ಯಾರನ್ನೂ ಕೇಳಲಿಲ್ಲ.

ಹೆಗಡೆಯವರ ಜಗಲಿಯ ಫ್ಯಾನು ತಿರುಗಿತು.

ಮುಂಗೈ ಹಿಂದಿನಿಂದ ಮುಟ್ಟಿ ನೋಡುವ ಹೊತ್ತು ಮುಗಿದಿತ್ತು. ಸತ್ತ ತಂತಿಗೆ ವಾಯರನ್ನು ಸುತ್ತುತ್ತಿದ್ದ ಬಲಗೈ ತಂತಿಯನ್ನು ಪೂರ್ತಿ ಹಿಡಿದಿತ್ತು. ತಂತಿಗೆ ಜೀವ ಬಂತು, ಬೆರಳು ಮುಚ್ಚಿಕೊಂಡವು, ಬಿಡಲಿಲ್ಲ. ಕೆರಿಯ ಕೂಗಲೂ ಆಗದೆ ನಡುಗಿದ. ಗೂಡಂಗಡಿಯ ಮುಂದೆ ಸಾಬೂನಿನ ಪೆಟ್ಟಿಗೆ ಇಳಿಸುತ್ತಿದ್ದ ಮಕ್ಬೂಲ್ ಅದನ್ನು ಕಂಡ. ಪೆಟ್ಟಿಗೆ ಬಿಸಾಕಿ ಓಡಿ ಟ್ರಾನ್ಸ್‌ಫಾರ್ಮರಿನ ಹಿಡಿಕೆ ಎಳೆದ. ಕೈ ಬಿಟ್ಟಿತು, ಕಾಲಿನ ಹಗ್ಗದ ಬಳೆ ಕಂಬಕ್ಕೆ ಕಚ್ಚಿಕೊಂಡಿತು. ತಲೆಕೆಳಗಾಗಿ ನೇತಾಡಿದ.

ಮಕ್ಬೂಲನೇ ಏಣಿ ಹಾಕಿದ, ಮಕ್ಬೂಲನೇ ಇಳಿಸಿದ. ಬಿಸ್ಕತ್ತಿನ ಪೆಟ್ಟಿಗೆಗಳನ್ನೆಲ್ಲ ರಸ್ತೆಗೆ ಹಾಕಿ, ಜಾಗ ಮಾಡಿ, ಹೊನ್ನಿಯನ್ನು ಹತ್ತಿಸಿಕೊಂಡು ಹುಬ್ಬಳ್ಳಿಗೆ ಗಾಡಿ ಬಿಟ್ಟ. ಊರಿನ ಹದಿನಾರು ಮನೆಯಲ್ಲಿ ಅವತ್ತು ಮೂರು ಜೀಪಿದ್ದವು. ಮೂರಕ್ಕೂ ಏನೇನೋ ಆಗಿತ್ತು.

ಒಂಬತ್ತನೆಯ ದಿನ ಆಸ್ಪತ್ರೆಯವರು ಬಲಗೈಯನ್ನು ಮಣಿಕಟ್ಟಿನಿಂದ ಕೆಳಗೆ ತೆಗೆದರು.

ಅತ್ತ ಕೈ ಹೋಗುವ ಮೊದಲೇ ಇತ್ತ ಪಂಚನಾಮೆ ಮುಗಿದಿತ್ತು. ಅಪಘಾತದ ಮರುದಿನ ಸೆಕ್ಷನ್ ಆಫೀಸಿನ ಸಾಹೇಬರು ಪೊಲೀಸರ ಜೊತೆ ಬಂದರು. ಬರೆದದ್ದನ್ನು ತಂದೇ ಬಂದಿದ್ದರು ಎನ್ನುವವರೂ ಇದ್ದಾರೆ. ‘ಸದರಿ ಕೆರಿಯ ಎಂಬಾತನು ತನ್ನ ಮನೆಗೆ ಅನಧಿಕೃತವಾಗಿ ವಿದ್ಯುತ್ ಪಡೆಯುವ ದುರುದ್ದೇಶದಿಂದ, ಯಾರಿಗೂ ತಿಳಿಯದಂತೆ ಕಂಬವನ್ನು ಹತ್ತಿ…’ ಹಗಲು ಹನ್ನೊಂದೂವರೆಗೆ, ಊರ ನಡುವೆ, ಗೂಡಂಗಡಿಯ ಎದುರು, ಯಾರಿಗೂ ತಿಳಿಯದಂತೆ. ಕೆಳಗೆ ಐದು ಪಂಚರ ಸಹಿ. ಮೊದಲನೆಯ ಸಹಿ ನಾಗಪತಿ ಹೆಗಡೆಯವರದು, ಅಕ್ಷರ ಮುತ್ತಿನ ಹಾಗೆ.

ಯಾಕೆ ಹಾಕಿದರು? ನಿಜ ಹೇಳಿದರೆ ಮಡಿವಾಳಪ್ಪನ ನೌಕರಿ ಹೋಗುತ್ತಿತ್ತು, ಸಾಹೇಬರಿಗೆ ನೋಟೀಸು ಬರುತ್ತಿತ್ತು, ಹತ್ತಿಸಿದವರು ಯಾರು ಎಂಬ ಪ್ರಶ್ನೆ ಜಗಲಿಯವರೆಗೆ ಬರುತ್ತಿತ್ತು. ಕೆರಿಯನ ಹೆಸರು ಯಾವ ಪುಸ್ತಕದಲ್ಲೂ ಇರಲಿಲ್ಲವಲ್ಲ, ಬರೆಯಲು ಅದು ಸುಲಭವಾಯಿತು. ಹನ್ನೊಂದು ವರ್ಷದಲ್ಲಿ ಇಲಾಖೆ ಅವನ ಹೆಸರು ಬರೆದದ್ದು ಅದೇ ಮೊದಲು, ಕಳ್ಳ ಎಂದು.

ಹುಬ್ಬಳ್ಳಿಯಿಂದ ಬಂದ ಮೇಲೆ ಕೆರಿಯನಿಗೆ ಈ ಸುದ್ದಿ ಹೇಳಿದ್ದು ಹೊನ್ನಿ. ಅವನು “ನಮ್ಮನೆ ಬಲ್ಬು ಉರೀತೇ ಇತ್ತಲೆ,” ಎಂದ. “ನಾ ಯಾಕೆ ಕದೀಲಿ?” ಕೈ ಹೋದದ್ದಕ್ಕೆ ಅವನು ಅತ್ತದ್ದನ್ನು ಯಾರೂ ಕಂಡಿಲ್ಲ. ಈ ಮಾತು ಅವನನ್ನು ಬಿಡಲಿಲ್ಲ. ಕಂಬ ಹತ್ತಿದ್ದು ಊರಿನ ಕೆಲಸಕ್ಕೆ ಎಂದು ಒಂದು ಕಾಗದದಲ್ಲಿ ಬರಬೇಕು. ಅದೊಂದೇ ಅವನಿಗೆ ಬೇಕಾದದ್ದು, ಇವತ್ತಿಗೂ.

ಮಡಿವಾಳಪ್ಪ ಒಂದು ಸಂಜೆ ಬಂದು ಅಂಗಳದ ತುದಿಯಲ್ಲಿ ನಿಂತ. ಒಳಗೆ ಬಾ ಎಂದು ಹೊನ್ನಿ ಅನ್ನಲಿಲ್ಲ.

“ಕೆರಿಯಾ, ಸಾಹೇಬ್ರು ಹೇಳ್ಯಾರ. ನೀ ಪರಿಹಾರ ಗಿರಿಹಾರ ಅಂತ ಅರ್ಜಿ ಕೊಡದಿದ್ರ ಕೇಸು ತಣ್ಣಗ ಮಾಡ್ತಾರಂತ. ನೀನೂ ಒಂಚೂರು ಲೈನಿಗೆ ಬಾರಪಾ.”

“ನಿಮ್ಮ ಲೈನಿನ ಮೇಲೇ ಇದ್ರಲ ಇವ್ರು ಹನ್ನೊಂದ್ ವರ್ಷ,” ಎಂದಳು ಹೊನ್ನಿ. “ಈಗ ಇಳದಾರೆ. ಇಳಿದವರನ್ನ ಮತ್ತೆ ಕರೀಲಿಕ್ಕೆ ಬಂದ್ರಾ?”

“ತಂಗೀ, ನಂಗೂ ಎರಡ ಮಕ್ಕಳದಾವ.”

“ಎರಡೂ ಕೈಯೂ ಅದೆ,” ಎಂದಳು.

ಮೂರು ತಿಂಗಳಲ್ಲಿ ಮಡಿವಾಳಪ್ಪ ಊರ ಕಡೆ ವರ್ಗ ಮಾಡಿಸಿಕೊಂಡು ಹೋದ.

ಯಲ್ಲಾಪುರದ ಕೋರ್ಟಿನಲ್ಲಿ ಕೆರಿಯನ ಮೇಲಿನ ಕಳವಿನ ಕೇಸು ಎರಡು ವರ್ಷ ನಡೆಯಿತು. ಮಕ್ಬೂಲ್ ಬಂದು ಸಾಕ್ಷಿ ಹೇಳಿದ. “ನೀನು ನೋಡಿದ್ದು ಶಾಕ್ ಹೊಡೆದ ಮೇಲೆ. ಅವನಿಗೆ ಹತ್ತು ಎಂದವರನ್ನು ನೋಡಿದೆಯಾ?” ಎಂದು ಸರ್ಕಾರಿ ವಕೀಲರು ಕೇಳಿದರು. ನೋಡಿಲ್ಲ ಎಂದ, ಸುಳ್ಳು ಹೇಳಲು ಅವನಿಗೆ ಬರಲಿಲ್ಲ. ಪಂಚರು ಬಂದರು. ಸಹಿ ನಮ್ಮದು ಹೌದು, ಒಳಗೇನು ಬರೆದಿದ್ದರೋ ಓದಿರಲಿಲ್ಲ ಎಂದರು. ಓದು ಬಲ್ಲ ಐವರು, ಅದರಲ್ಲಿ ಒಬ್ಬರು ದಿನಾ ಪೇಪರ್ ಹಿಡಿದು ಕೂರುವವರು. ೨೦೦೩ರಲ್ಲಿ ಕೇಸು ಬಿದ್ದುಹೋಯಿತು. ಕೆರಿಯ ಕಳ್ಳನಲ್ಲ ಎಂದಾಯಿತು. ಹಾಗಾದರೆ ಅವನು ಮೇಲೆ ಯಾಕಿದ್ದ ಎಂಬುದನ್ನು ಕೋರ್ಟೂ ಬರೆಯಲಿಲ್ಲ.

ಪರಿಹಾರದ ಅರ್ಜಿ ಹಿಡಿದು ಹೋದಾಗ ಸೆಕ್ಷನ್ ಆಫೀಸಿನಲ್ಲಿ ಹೊಸ ಸಾಹೇಬರಿದ್ದರು. “ನೀನು ಇಲಾಖೆಯ ಕೆಲಸ ಮಾಡುತ್ತಿದ್ದೆ ಅನ್ನುವುದಕ್ಕೆ ದಾಖಲೆ ಎಲ್ಲಿ? ಊರಿನ ಗ್ರಾಹಕರು ಬರೆದುಕೊಡಲಿ, ಮೇಲೆ ಕಳಿಸುತ್ತೇನೆ,” ಎಂದರು. ಶಿರಸಿಯ ವಕೀಲರೊಬ್ಬರು ಒಂದು ಹಾಳೆ ಬರೆದುಕೊಟ್ಟರು: ‘ಕೆರಿಯ ಎಂಬವರು ೧೯೯೦ರಿಂದ ೨೦೦೧ರ ವರೆಗೆ ನಮ್ಮ ಊರಿನಲ್ಲಿ ವಿದ್ಯುತ್ ಕಂಬ ಹತ್ತಿ ದುರಸ್ತಿ ಮಾಡುತ್ತಿದ್ದರು.’ ಅಷ್ಟೇ. ಯಾರ ಮೇಲೂ ದೂರಿಲ್ಲ, ಯಾರು ಹತ್ತಿಸಿದರು ಎಂಬುದೂ ಇಲ್ಲ. ಕೆಳಗೆ ಹದಿನಾರು ಸಹಿಗೆ ಜಾಗ.

ಮೊದಲು ಹೋದದ್ದು ನಾಗಪತಿ ಹೆಗಡೆಯವರ ಮನೆಗೆ. ಕೆರಿಯನ ಜೊತೆ ಹೊನ್ನಿಯೂ ಇದ್ದಳು.

ಹೆಗಡೆಯವರು ಹಾಳೆ ಓದಿ ಮಡಚಿದರು. “ಕೇಸು ಬಿಟ್ಟಿತಲ್ಲ ಮಾರಾಯ. ಮತ್ತೆಂತಕ್ಕೆ ಕೆದಕೂದು?”

“ಕಳ್ಳ ಅಲ್ಲ ಅಂದ್ರು ಹೆಗಡೇರೆ. ಯಾರು ಅಂತ ಹೇಳ್ಲಿಲ್ಲ.”

“ನಾನು ಬರೆದುಕೊಟ್ಟರೆ ಪಂಚನಾಮೆಲಿ ಸಹಿ ಮಾಡಿದ್ದು ಸುಳ್ಳಾಗ್ತದೆ. ನಾಳೆ ನನ್ನ ಕೋರ್ಟಿಗೆ ಕರೀತಾರೆ.”

“ನೀವು ಹತ್ತಿಸಿದ್ದು ಅಂತ ಬರ್ದಿಲ್ಲ ಅದರಲ್ಲಿ. ನಾ ಹತ್ತತಿದ್ದೆ ಅಂತ ಮಾತ್ರ.”

“ಮಡಿವಾಳಪ್ಪ ಪೆನ್ಷನ್ನಿಗೆ ಬಂದವ. ಅವನ ಹೊಟ್ಟೆ ಮೇಲೆ ಹೊಡೆಯೂದಾ?”

“ಅವರ ಹೊಟ್ಟೆ ದೊಡ್ಡದದೆ, ತಡೀತದೆ,” ಎಂದಳು ಹೊನ್ನಿ.

ಹೆಗಡೆಯವರು ಹಾಳೆಯನ್ನು ಜಗಲಿಯ ಕಟ್ಟೆಯ ಮೇಲಿಟ್ಟು ಎದ್ದರು. ಆಗ ಬಾಗಿಲ ಹಿಂದಿನಿಂದ ಶ್ರೀಲಕ್ಷ್ಮಿ ಹೊರಗೆ ಬಂದರು.

“ಆನು ಸಹಿ ಹಾಕ್ತೆ.”

“ನಿಂಗೆಂತ ಗೊತ್ತಿದ್ದು? ಒಳಗೆ ನಡಿ.”

“ಫೋನ್ ಮಾಡ್ತೆ ಹೇಳಿದ್ದು ನೀವು. ಲೈನ್ ಸಿಕ್ಕಿದ್ದಿಲ್ಲೆ. ಅವಂಗೆ ಇಳಿ ಹೇಳಿ ಕೂಗಿದ್ರೆ ಆಗ್ತಿತ್ತು. ಪೇಪರ್ ಹಿಡ್ಕಂಡ್ರಿ. ಆನು ಅಡುಗೆಮನೆ ಬಾಗಿಲಲ್ಲಿ ನಿಂತು ನೋಡಿದ್ದಿ.” ಹಾಳೆ ಕೈಗೆತ್ತಿಕೊಂಡು, “ಆನೂ ಕೂಗಿದ್ನಿಲ್ಲೆ,” ಎಂದರು.

ಎರಡು ವರ್ಷದಲ್ಲಿ ಬಾಳೆಹಕ್ಕಲಿನಲ್ಲಿ ಯಾರಾದರೂ ತನ್ನ ತಪ್ಪನ್ನು ಬಾಯಿಬಿಟ್ಟು ಹೇಳಿದ್ದು ಅದೊಂದೇ ಸಲ. ಶ್ರೀಲಕ್ಷ್ಮಿ ಕಟ್ಟೆಯ ಮೇಲೆ ಹಾಳೆ ಹರಡಿ ಸಹಿ ಹಾಕಿದರು. ಹೆಗಡೆಯವರು ತೋಟದ ಕಡೆ ನಡೆದುಬಿಟ್ಟರು. ಕೆರಿಯ ಎಡಗೈಯಿಂದ ಹಾಳೆ ಎತ್ತಿಕೊಂಡು, “ಬರ್ತೆ ಅಮ್ಮಾ,” ಎಂದ.

ಉಳಿದ ಹದಿನೈದು ಮನೆ. ಒಬ್ಬರಿಗೆ ಕನ್ನಡಕ ಸಿಗಲಿಲ್ಲ. ಒಬ್ಬರು ಅಣ್ಣನನ್ನು ಕೇಳಬೇಕು ಎಂದರು. ಅಣ್ಣ ತಮ್ಮನನ್ನು ಕೇಳಬೇಕು ಎಂದ. ಒಬ್ಬರು ಹೆಗಡೇರು ಹಾಕಿದರೆ ನಾನು ರೆಡಿ ಎಂದರು. ಶಾಲೆಯ ನಿವೃತ್ತ ಮಾಸ್ತರರು, ಇಂಥದ್ದೆಲ್ಲ ನಮ್ಮ ಲೈನ್ ಅಲ್ಲ ಕೆರಿಯಾ, ಎಂದು ಬೆನ್ನು ತಟ್ಟಿ ಕಳಿಸಿದರು. ಒಬ್ಬ ಹುಡುಗಾಟದ ಮನುಷ್ಯ, “ಬಲಗೈ ಹೋದ ಮೇಲೆ ನೀನೇ ಸಹಿ ಹ್ಯಾಂಗೆ ಮಾಡ್ತೆ?” ಎಂದು ಕೇಳಿ ನಕ್ಕ. ಇವರಲ್ಲಿ ಯಾರೂ ಕೆರಿಯ ಹತ್ತಿಲ್ಲ ಎಂದು ಹೇಳಲಿಲ್ಲ, ಅದನ್ನು ಗಮನಿಸಿ. ಎಲ್ಲರಿಗೂ ನಿಜ ಗೊತ್ತು. ಗೊತ್ತಿರುವುದನ್ನು ಶಾಯಿಯಲ್ಲಿ ಹೇಳಲು ಮಾತ್ರ ಕೈ ಇಲ್ಲ. ಕೈ ಹೋದವನು ಕೆರಿಯ ಒಬ್ಬನೇ ಎಂದುಕೊಂಡಿದ್ದೆವು.

ಒಂದು ಸಹಿಯ ಹಾಳೆ ಹಿಡಿದು ಅವನು ಸೆಕ್ಷನ್ ಆಫೀಸಿಗೆ ಹೋದ. ಸಾಹೇಬರು ಪುಸ್ತಕ ತಿರುಗಿಸಿದರು. ಆ ಮನೆಯ ಕರೆಂಟ್ ಬಿಲ್ಲಿನ ಆರ್.ಆರ್. ನಂಬರ್ ನಾಗಪತಿ ಹೆಗಡೆಯವರ ಹೆಸರಿನಲ್ಲಿದೆ. “ಇವರು ಗ್ರಾಹಕರಲ್ಲ. ಗ್ರಾಹಕರ ಹೆಂಡತಿ. ಇದು ನಡೆಯುವುದಿಲ್ಲ.” ನಲವತ್ತು ವರ್ಷ ಆ ಮನೆಯ ದೀಪ ಹಚ್ಚಿದ ಹೆಂಗಸು ಇಲಾಖೆಯ ಪುಸ್ತಕದಲ್ಲಿ ಇಲ್ಲ. ಬಾಳೆಹಕ್ಕಲಿನಲ್ಲಿ ನಿಜ ಹೇಳಿದ ಇಬ್ಬರಲ್ಲಿ ಒಬ್ಬ ಹೊರಗಿನವನಾದ, ಇನ್ನೊಬ್ಬಳು ಹೆಂಡತಿಯಾದಳು. ಸಾಹೇಬರು ಹಾಳೆ ಮರಳಿ ಕೊಟ್ಟರು. “ಹದಿನಾರರಲ್ಲಿ ಒಂಬತ್ತಾದರೂ ತಾ. ಆಗ ಮೇಲಿನವರಿಗೆ ಬರೆಯುತ್ತೇನೆ.”

ಇದು ೨೦೦೩ರ ಮಾತು. ಈಗ ಕೆರಿಯ ಉಮ್ಮಚಗಿ ಕ್ರಾಸಿನಲ್ಲಿ ಮಕ್ಬೂಲ್ ಹಾಕಿಕೊಟ್ಟ ಗೂಡಂಗಡಿಯಲ್ಲಿ ಕೂರುತ್ತಾನೆ. ಎಡಗೈಯಲ್ಲಿ ಬೆಂಕಿಪೆಟ್ಟಿಗೆ, ಬಾಳೆಹಣ್ಣು ಕೊಡುತ್ತಾನೆ. ಹಾಳೆ ಪ್ಲಾಸ್ಟಿಕ್ ಚೀಲದಲ್ಲಿ ದುಡ್ಡಿನ ಗಲ್ಲೆಯ ಕೆಳಗೆ ಇದೆ. ಬಾಳೆಹಕ್ಕಲಿನವರು ಅಂಗಡಿಗೆ ಬರುತ್ತಾರೆ, ಮಾತಾಡಿಸುತ್ತಾರೆ, ಅವನು ಒಂದು ಮಾತನ್ನೂ ಕೇಳದೆ ಹಾಳೆ ತೆಗೆದು ಮುಂದೆ ಇಡುತ್ತಾನೆ. ಅವರು ಚಿಲ್ಲರೆ ಬಿಟ್ಟು ಹೋಗುತ್ತಾರೆ. ಈಗ ಊರಿನ ಕಂಬ ಹತ್ತುವವನು ಗೋಯ್ದು ಎಂಬವನು, ಅವನೂ ಕೊನೆ ಕೊಯ್ಯುವವನೇ. ಹೋದ ತಿಂಗಳು ನಾಗಪತಿ ಹೆಗಡೆಯವರ ಮನೆಯ ಮಿಕ್ಸರ್ ಮತ್ತೆ ನಿಂತಿತ್ತು. ಗೋಯ್ದು ಹತ್ತಿ ಸರಿ ಮಾಡಿಕೊಟ್ಟ.

ಬಾಳೆಹಕ್ಕಲಿನ ಗ್ರಾಹಕರೇ, ಇಲಾಖೆಯ ಲೆಕ್ಕದಲ್ಲಿ ಹದಿನಾರು ಸಹಿಯ ಜಾಗವೂ ಹಾಗೇ ಖಾಲಿ ಇದೆ. ನಾಳೆ ಬೆಳಿಗ್ಗೆ ಕ್ರಾಸಿಗೆ ಹೋಗಿ ಹಾಕಿ. ಬೇರೆ ಊರಿನವರು, ಇದನ್ನು ಓದಿ ನಿಟ್ಟುಸಿರು ಬಿಟ್ಟು ಪುಟ ಮಡಚಬೇಡಿ. ನಿಮ್ಮ ಮನೆಯ ಕರೆಂಟ್ ಬಿಲ್ ತೆಗೆಯಿರಿ. ಅದರ ಮೇಲಿನ ಆರ್.ಆರ್. ನಂಬರನ್ನು ಒಂದು ಬಿಳಿ ಹಾಳೆಯ ಮೇಲೆ ಬರೆಯಿರಿ. ಅದರ ಕೆಳಗೆ ನಿಮ್ಮ ಕಂಬ ಹತ್ತುವವನ ಹೆಸರು ಬರೆಯಿರಿ, ಅವನ ಅಪ್ಪನ ಹೆಸರು ಸೇರಿಸಿ. ಗೊತ್ತಿಲ್ಲದಿದ್ದರೆ ಅವನ ಮನೆಗೆ ಹೋಗಿ ಕೇಳಿ. ಎಷ್ಟು ವರ್ಷದಿಂದ ಹತ್ತುತ್ತಿದ್ದಾನೆ ಎಂಬುದನ್ನೂ ಬರೆದು, ಸಹಿ ಹಾಕಿ, ಸೆಕ್ಷನ್ ಆಫೀಸಿಗೆ ಕೊಟ್ಟು, ಶಿಕ್ಕಾ ಒತ್ತಿದ ಪ್ರತಿಯನ್ನು ಅವನ ಕೈಗೆ ಕೊಡಿ. ಅವನ ಎರಡೂ ಕೈ ಇರುವಾಗಲೇ ಕೊಡಿ. ಅಲ್ಲಿಯವರೆಗೆ ಕತ್ತಲಲ್ಲಿ ಕೂತಿರಿ, ಅವನಿಗೆ ಹತ್ತು ಎನ್ನಬೇಡಿ.